ದಾರವಿಲ್ಲದ ಟವೆಲು

ತೊಟ್ಟಿಕ್ಕುತ್ತಲೇ ಇದೆ, ಏಸಿಯ ಬುಡದಿಂದ, ಟಪ್, ಆಮೇಲೆ ಮರೆತೇಹೋಯಿತೇನೋ ಅನ್ನುವಷ್ಟು ಹೊತ್ತು ಸುಮ್ಮನೆ, ಮತ್ತೆ ಟಪ್, ಕೆಳಗೆ ಯಾರೋ ಒಂದು ಟವೆಲು ಮುದ್ದೆ ಮಾಡಿ ಇಟ್ಟಿದ್ದಾರೆ, ಒಂದು ಕಾಲಕ್ಕೆ ಬಿಳಿ ಇದ್ದದ್ದು ಈಗ ಚಹಾದ ಬಣ್ಣಕ್ಕೆ ತಿರುಗಿದೆ, ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ, ಯಾರದಪ್ಪಾ ಇದು, ಕೇಳಿದರೆ ಇಡೀ ಆಸ್ಪತ್ರೆ ನಂದಲ್ಲ ನಂದಲ್ಲ ಅನ್ನುತ್ತೆ, ಆದರೂ ಅವಳ ಕಣ್ಣು ತಾನಾಗಿಯೇ ಅದರ ಮೂಲೆಗೆ ಹೋಯಿತು, ದಾರ ಇದೆಯಾ ಅಂತ, ಇಪ್ಪತ್ತಾರು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತೆ, ಇಲ್ಲ, ಇದಕ್ಕೆ ದಾರವಿಲ್ಲ — ಹನ್ನೊಂದಕ್ಕೆ ಇನ್ನು ಹದಿನೆಂಟು ನಿಮಿಷ, ಹನ್ನೊಂದಕ್ಕೆ ಎಲ್ಲರೂ ಈ ರೂಮಿಗೇ ಬರುತ್ತಾರೆ, ದೊಡ್ಡ ಡಾಕ್ಟರಮ್ಮ, ಆಸ್ಪತ್ರೆಯ ಮ್ಯಾನೇಜರು, ರಕ್ತನಿಧಿಯ ಮೇಷ್ಟ್ರು — ಮೇಷ್ಟ್ರಲ್ಲ ಅವರು, ರಕ್ತನಿಧಿ ನೋಡಿಕೊಳ್ಳುವವರು, ಒಂದು ಬಾಟಲಿ ರಕ್ತ ಕೇಳಲು ಹೋದವರಿಗೂ ಅರ್ಧ ಗಂಟೆ ಪಾಠ ಮಾಡಿ ಕಳಿಸುವುದರಿಂದ ಆ ಹೆಸರು — ಮತ್ತೆ ಹೊರಗಿನ ಕಂಪನಿಯ ಆ ಟೈಯಪ್ಪ, ಸೆಖೆಯಲ್ಲೂ ಕೊರಳಿಗೆ ಬಿಗಿದುಕೊಂಡೇ ಬರುವವನು, ಇವತ್ತಿನ ಪರೀಕ್ಷೆಯಲ್ಲಿ ಅವಳು ಸೋತರೆ ಈ ರೂಮು, ಈ ಕುರ್ಚಿ, ಆಸ್ಪತ್ರೆಯ ಈ ಕಂಪ್ಯೂಟರುಗಳು ಅವನ ಕಂಪನಿಯ ಪಾಲು, ಅವಳು ಕೆಳಗೆ ನೆಲಮಹಡಿಗೆ, ಹೊರರೋಗಿಗಳ ಚೀಟಿ ಟೈಪು ಮಾಡಲು, ಹೆಸರು ವಯಸ್ಸು ಕಾಯಿಲೆ, ಹೆಸರು ವಯಸ್ಸು ಕಾಯಿಲೆ, ಇಪ್ಪತ್ತೆರಡು ವರ್ಷದ ಹಿಂದೆ ಎಲ್ಲಿಂದ ಶುರು ಮಾಡಿದ್ದಳೋ ಅಲ್ಲಿಗೇ. ಟೈಪಿಸ್ಟಮ್ಮ ಅಂತ ಈಗಲೂ ಕರೆಯುವವರಿದ್ದಾರೆ. ಕರೆಯಲಿ, ಹೆಸರಿನಿಂದೇನೂ ಮೈ ಸವೆಯುವುದಿಲ್ಲ.

ಆದರೆ ಸೋಲುವುದು ಅಂದರೆ ಕುರ್ಚಿ ಹೋಗುವುದಷ್ಟೇ ಅಲ್ಲ, ಅದು ಅವಳಿಗೊಬ್ಬಳಿಗೇ ಗೊತ್ತು, ಬೇರೆಯವರಿಗೆ ಹೇಳಿದರೆ ನಕ್ಕಾರು, ಆ ಮಂಗಳವಾರ ಆ ಕೆಲಸ ಮಾಡಿದ್ದು ನಾನಾ ಅಲ್ಲವಾ ಅನ್ನುವುದೇ ಅವಳಿಗೆ ಗೊತ್ತಿಲ್ಲ — ಆಗಲಿ, ಮೊದಲು ಇನ್ನೊಂದು ಸಲ ನೋಡಿಬಿಡೋಣ, ಒಂಬತ್ತೂ ನಡೀತಿವೆಯಾ, ನಡೀತಿವೆ, ಪರದೆಯ ಮೇಲೆ ಒಂಬತ್ತು ಸಾಲು, ಒಂಬತ್ತು ವರ್ಚುವಲ್ ಮಷೀನು, ಆ ಕಪ್ಪು ಪೆಟ್ಟಿಗೆ ಒಂದೇ, ಅದರ ಹೊಟ್ಟೆಯೊಳಗೆ ಒಂಬತ್ತು ಕಂಪ್ಯೂಟರು, ಕಬ್ಬಿಣವಿಲ್ಲ ಪ್ಲಾಸ್ಟಿಕ್ಕಿಲ್ಲ, ಆದರೂ ಪ್ರತಿಯೊಂದಕ್ಕೂ ತಾನೇ ಬೇರೆ ಅನ್ನುವ ಜಂಬ, ಎಕ್ಸ್‌ರೇದವರದ್ದೊಂದು, ಔಷಧಿಯವರದ್ದೊಂದು, ಲ್ಯಾಬು, ಅಡುಗೆಮನೆ, ಹೆರಿಗೆ ವಾರ್ಡು, ರಕ್ತನಿಧಿ, ಥೇಟು ಅವಳ ಗಂಡನ ಮನೆಯ ಹಾಗೆ, ಒಂದು ಮನೆ, ಒಂದು ಬಚ್ಚಲು, ಒಂಬತ್ತು ಜನ, ಹೊರಗಿನಿಂದ ನೋಡಿದರೆ ಒಂದೇ ಬಾಗಿಲು. ಅಷ್ಟೂ ಮನೆಗೆ ಒಡೆಯ ಒಬ್ಬ, ರೂಟು, ಲಿನಕ್ಸಿನಲ್ಲಿ ರೂಟ್ ಅಂದರೆ ಎದುರಾಡುವವರಿಲ್ಲ, ನಡೆಸು ಅಂದರೆ ನಡೆಸುತ್ತೆ, ಕೆಡವು ಅಂದರೆ ಯಾಕೆ ಅಂತ ಕೂಡ ಕೇಳದೆ ಕೆಡವುತ್ತೆ, ಆ ರೂಟಿನ ಪಾಸ್‌ವರ್ಡು ಇದೇ ಪರದೆಯ ಪಕ್ಕದಲ್ಲಿ ಒಂದು ಹಳದಿ ಚೀಟಿಯ ಮೇಲೆ ಇರುತ್ತಿತ್ತು, ಚೀಟಿಯ ಅಂಟು ಹೋಗಿದ್ದಕ್ಕೆ ಯಾರೋ ನರ್ಸು ಗಾಯಕ್ಕೆ ಹಾಕುವ ಬಿಳಿ ಪಟ್ಟಿ ಅಂಟಿಸಿದ್ದಳು, ಎಕ್ಸ್‌ರೇದವರೂ ಬರುವರು, ಕೂರುವರು, ಚೀಟಿ ನೋಡುವರು, ಒತ್ತುವರು, ಹೋಗುವರು, ಔಷಧಿಯವರೂ ಹಾಗೇ, ಮ್ಯಾನೇಜರೂ ಹಾಗೇ — ನಾನೂ ಒಂದು ಕಾಲದಲ್ಲಿ ಈ ಕೀಬೋರ್ಡು ತಿಕ್ಕಿದವನೇ ಕಣಮ್ಮಾ, ನಿಮ್ಮನ್ನ ಕಾಯ್ತಾ ಕೂರೋಕಾಗತ್ತಾ — ಒಂದೇ ಕುರ್ಚಿ, ಒಂದೇ ಪರದೆ, ಒಂದೇ ಚೀಟಿ, ಕೂತವರೆಲ್ಲ ರೂಟು. ಅವಳೂ ಸುಮ್ಮನಿದ್ದಳು, ಅದನ್ನೂ ಒಪ್ಪಿಕೊಳ್ಳಬೇಕು, ಕೆಲಸ ನಡೀತಿತ್ತಲ್ಲ, ಗಾಡಿ ಉರುಳುವ ತನಕ ಗಾಲಿ ಯಾರು ನೋಡುತ್ತಾರೆ.

ಆಮೇಲೆ ಆ ಮಂಗಳವಾರ ಬಂತು, ಹನ್ನೊಂದು ತಿಂಗಳಾಯಿತು, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ, ರಕ್ತನಿಧಿಯ ಮಷೀನು ಇದ್ದದ್ದು ಇಲ್ಲವಾಯಿತು, ಕೆಟ್ಟಿದ್ದಲ್ಲ, ನಿಂತಿದ್ದಲ್ಲ, ಅಳಿಸಿದ್ದು, ಡಿಸ್ಕು ಸಮೇತ, ಮೇಷ್ಟ್ರು ಮೆಟ್ಟಿಲು ಹತ್ತಿ ಓಡಿಬಂದರು, ಜೀವನದಲ್ಲಿ ಮೊದಲ ಸಲ ಪಾಠವಿಲ್ಲದೆ ಎರಡೇ ಮಾತು, ಏನೂ ಕಾಣ್ತಿಲ್ಲ, ಏನೂ ಕಾಣ್ತಿಲ್ಲ, ಬ್ಯಾಕಪ್ಪು ನೋಡಿದರೆ ಎರಡು ತಿಂಗಳ ಹಿಂದಿನದು, ಅಪರೂಪದ ಗುಂಪಿನ ರಕ್ತ ಕೊಡುವವರ ಹೊಸ ಪಟ್ಟಿ ಅದರಲ್ಲಿಲ್ಲ, ಅವತ್ತು ಸಂಜೆಯೇ ಹೆರಿಗೆ ವಾರ್ಡಿನಲ್ಲಿ ಒಬ್ಬಾಕೆಗೆ ಅದೇ ಗುಂಪಿನ ರಕ್ತ ಬೇಕಾಗಬೇಕೇ, ಫೋನ್ ನಂಬರಿಲ್ಲ, ಅವರನ್ನು ಕೇಳಿ ಇವರನ್ನು ಕೇಳಿ ಐದು ಗಂಟೆ, ಐದು ಗಂಟೆ ಆಕೆಯ ಗಂಡ ಕಾರಿಡಾರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ, ಯಾಕೆ ಕೈಯಲ್ಲಿ ಹಿಡಿದಿದ್ದನೋ, ಓಡಬೇಕಾದರೆ ಅಂತಲೋ ಏನೋ, ಬದುಕಿದಳು, ಮಗುವೂ ಬದುಕಿತು, ಹೆಣ್ಣು, ಎರಡೂವರೆ ಕೇಜಿ, ಅದು ಅಳುವುದು ಕೇಳಿದ ಮೇಲೆಯೇ ಅವಳು ಆ ರಾತ್ರಿ ಮನೆಗೆ ಹೋದದ್ದು. ಆಮೇಲೆ ವಿಚಾರಣೆ, ಐದು ತಿಂಗಳು ಎಳೆದಾಡಿತು. ಯಂತ್ರ ತಾನು ಕೇಳಿದ ಆಜ್ಞೆಗಳನ್ನೆಲ್ಲ ಬರೆದಿಟ್ಟುಕೊಂಡಿರುತ್ತೆ, ಆ ಕಾಗದವನ್ನು ಎತ್ತಿ ಹಿಡಿದು ಮ್ಯಾನೇಜರೇ ಗಟ್ಟಿಯಾಗಿ ಓದಿದರು, ರೂಟು, ಪಟ್ಟಿ ತೋರಿಸು, ರೂಟು, ಪಟ್ಟಿ ತೋರಿಸು, ರೂಟು, ಪಟ್ಟಿ ತೋರಿಸು, ಎರಡು ಸೆಕೆಂಡಿನೊಳಗೆ ಮೂರು ಸಲ, ಆಮೇಲೆ ನಿಲ್ಲಿಸು, ಆಮೇಲೆ ಅಳಿಸು, ನೋಡಿ, ಒಂದು ಸಲ ಕಂಡದ್ದನ್ನ ಮೂರು ಮೂರು ಸಲ ಕೇಳೋದು, ತಾನು ಏನು ಮಾಡ್ತಿದೀನಿ ಅಂತ ತನಗೇ ಗೊತ್ತಿಲ್ದಿರೋರ ಕೆಲಸ ಇದು, ರೂಟು ಅಂದ್ರೆ ಯಾರಮ್ಮಾ, ನಿಮ್ಮ ಕುರ್ಚಿ ತಾನೇ. ಪಟ್ಟಿಯಲ್ಲಿ ರಕ್ತನಿಧಿಯ ಕೆಳಗೇ ಒಂದು ಹಳೇ ಪ್ರಯೋಗದ ಮಷೀನಿತ್ತು, ಯಾವತ್ತಾದರೂ ತೆಗೆದುಹಾಕಬೇಕು ಅಂತ ಎಲ್ಲರೂ ಅನ್ನುತ್ತಿದ್ದದ್ದು, ಯಾರೋ ಅದನ್ನು ತೆಗೆಯಲು ಹೋಗಿ ಒಂದು ಸಾಲು ಮೇಲಿನದನ್ನು ತೆಗೆದಿದ್ದಾರೆ, ಅಷ್ಟೇ, ಕೇಡು ಬಯಸಿ ಮಾಡಿದ್ದಲ್ಲ, ಯಾರೋ, ಆದರೆ ಯಾರು. ಎರಡು ಐವತ್ತಕ್ಕೆ ಅವಳು ಇಲ್ಲೇ ಕೂತಿದ್ದಳು, ಅದು ನೆನಪಿದೆ, ಆಮೇಲೆ ಕಣ್ಣಿನ ವಾರ್ಡಿನ ಪ್ರಿಂಟರು ಕಾಗದ ನುಂಗಿತು ಅಂತ ಕರೆದರು, ಹೋದಳು, ಎಷ್ಟು ಗಂಟೆಗೆ, ಮೂರಕ್ಕಾ, ಮೂರೂಕಾಲಕ್ಕಾ, ಪ್ರಿಂಟರಿನ ಬಾಯಿಂದ ಎಳೆದ ಕಾಗದದ ಸುಕ್ಕು ಕೂಡ ನೆನಪಿದೆ, ಗಂಟೆ ಮಾತ್ರ ನೆನಪಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವಳೂ ಹನ್ನೊಂದು ತಿಂಗಳು ಹೆಗಲು ಮುಟ್ಟಿ ನೋಡಿಕೊಂಡದ್ದೇ ಆಯಿತು, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುವಾಗ, ಈ ಹತ್ತು ಬೆರಳಿನಲ್ಲಿ ಯಾವುದಾದರೂ ನನಗೆ ಗೊತ್ತಿಲ್ಲದೆ ಒತ್ತಿರಬಹುದಾ, ಆ ಚಪ್ಪಲಿ ಹಿಡಿದವನನ್ನು ಐದು ಗಂಟೆ ನಿಲ್ಲಿಸಿದ್ದು ನಾನಾ.

ಟಪ್. ಹನ್ನೆರಡು ನಿಮಿಷ. ಬಾಯಿ ಒಣಗುತ್ತಿದೆ, ಬಾಟಲಿಯಲ್ಲಿ ಎರಡು ಗುಟುಕು ನೀರಿದೆ, ಈಗ ಬೇಡ, ಅವರ ಮುಂದೆ ಕುಡಿದರೆ ಹೆದರಿದಳು ಅಂದುಕೊಳ್ಳುತ್ತಾರೆ, ಈಗಲೇ ಕುಡಿದರೆ ಆಮೇಲೆ ಬೇಕಾದಾಗ ಇರುವುದಿಲ್ಲ, ಕುಡಿದೇಬಿಟ್ಟಳು — ಶಿಕ್ಷೆ ಏನು ಅಂತ ತೀರ್ಮಾನವಾಗುವ ಮುಂಚೆ ಅವಳೇ ದೊಡ್ಡ ಡಾಕ್ಟರಮ್ಮನ ರೂಮಿಗೆ ಹೋಗಿ ನಿಂತಿದ್ದಳು, ನಾನು ಮಾಡಿರಬಹುದು ಮೇಡಂ, ಮಾಡದೇನೂ ಇರಬಹುದು, ನನಗೇ ಹೇಳೋಕಾಗ್ತಿಲ್ಲ, ಅದೇ ರೋಗ ಮೇಡಂ, ನನಗೇ ಹೇಳೋಕಾಗದಿದ್ರೆ ನೀವು ಹೇಗೆ ಹೇಳ್ತೀರ, ಯಾರು ಏನು ಮಾಡಿದ್ರು ಅಂತ ಆ ಯಂತ್ರವೇ ಹೇಳೋ ಹಾಗೆ ಮಾಡ್ತೀನಿ, ಆರು ತಿಂಗಳು ಕೊಡಿ, ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು, ರೋಗಿಯನ್ನು ನೋಡುವ ಹಾಗೆ, ಆಮೇಲೆ ಒಂದೇ ಮಾತು, ಕಾಯಿಲೆ ಯಾವುದು ಅಂತ ಗೊತ್ತಿರೋರಿಗೇ ಔಷಧಿ ಕೊಡೋಕೆ ಬಿಡಬೇಕು, ಹೋಗಿ ಮಾಡಿ. ಮ್ಯಾನೇಜರಿಗೆ ಹಿಡಿಸಲಿಲ್ಲ, ಟೈಯಪ್ಪನ ಕಂಪನಿಯನ್ನು ಬಾಗಿಲ ತನಕ ಕರೆದು ತಂದಿದ್ದರಲ್ಲ, ಆದರೂ ಡಾಕ್ಟರಮ್ಮ ಹೇಳಿದ ಮೇಲೆ ಮುಗಿಯಿತು, ಆರು ತಿಂಗಳಾದ ಮೇಲೆ ಪರೀಕ್ಷೆ ಇಡಿ ಅಂದರು ಅಷ್ಟೇ. ಏನು ಮಾಡುತ್ತೀನಿ ಅಂತ ಬಾಯಲ್ಲಿ ಹೇಳಿ ಬಂದದ್ದಾಯಿತು, ಹೇಗೆ ಮಾಡುವುದು ಅಂತ ಹೊಳೆದದ್ದು ಮನೆಗೆ ಹೋಗಿ ಬಟ್ಟೆ ಒಣಹಾಕುವಾಗ, ತಂತಿಯ ಮೇಲೆ ಸಾಲಾಗಿ ಒಂಬತ್ತು ಟವೆಲು, ಎಲ್ಲ ಬಿಳಿ, ಎಲ್ಲದರ ಮೂಲೆಯಲ್ಲೂ ಒಂದೊಂದು ಬಣ್ಣದ ದಾರ.

ಅದು ಅತ್ತೆಯ ಕಾನೂನು, ಅವಳು ಆ ಮನೆಗೆ ಸೊಸೆಯಾಗಿ ಹೋದ ಎರಡನೇ ತಿಂಗಳು, ದಿನಾ ಬೆಳಗ್ಗೆ ಯಾರೋ ಒಬ್ಬರು ಮೈ ಒರೆಸಿದ ಟವೆಲನ್ನು ಹಾಸಿಗೆಯ ಮೇಲೆ ಬಿಸಾಕಿ ಹೋಗುತ್ತಿದ್ದರು, ಹಾಸಿಗೆ ಒದ್ದೆ, ಮುಗ್ಗಲು ವಾಸನೆ, ಯಾರು ಯಾರು ಅಂತ ಅತ್ತೆ ಕೂಗುವರು, ಮಾವ ನಂದಲ್ಲ, ಮೈದುನಂದಿರು ನಂದಲ್ಲ, ನಾದಿನಿ ಮೊದಲೇ ಅಲ್ಲ, ಕೊನೆಗೆ ಎಲ್ಲರ ಕಣ್ಣೂ ಬಂದು ನಿಲ್ಲುವುದು ಹೊಸಬಳ ಮೇಲೆ, ಅಭ್ಯಾಸ ಇಲ್ಲ ಪಾಪ, ಕಲೀತಾಳೆ ಬಿಡಿ, ಆ ಪಾಪ ಅನ್ನುವುದು ಬೈದದ್ದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು, ಅವಳದಲ್ಲ ಅಂತ ಅವಳಿಗೆ ಗೊತ್ತಿತ್ತು, ಹೇಳಲು ಸಾಕ್ಷಿ ಎಲ್ಲಿ, ಬಿಳಿ ಟವೆಲಿಗೆ ಬಾಯಿ ಇರುತ್ತಾ. ಒಂದು ದಿನ ಸಂಜೆ ಅತ್ತೆ ಸೂಜಿ ಡಬ್ಬಿ ತಂದು ಕೂತರು, ಮಾತಿಲ್ಲ ಕತೆಯಿಲ್ಲ, ಒಂಬತ್ತು ಟವೆಲಿನ ಮೂಲೆಗೂ ಒಂಬತ್ತು ಬಣ್ಣ ಹೊಲಿದರು, ಮಾವನಿಗೆ ಕಪ್ಪು, ಮಗನಿಗೆ ನೀಲಿ, ನಿಂಗೆ ಕೆಂಪು ಕಣೇ, ಹಸಿರು ನಂಗಿರ್ಲಿ, ನಾಳೆ ಬೆಳಗ್ಗೆ ಆ ದಾರವೇ ಮಾತಾಡತ್ತೆ, ಮರುದಿನ ಬೆಳಗ್ಗೆ ಇಡೀ ಮನೆ ರೂಮಿನ ಬಾಗಿಲಲ್ಲಿ, ಹಾಸಿಗೆಯ ಮೇಲೆ ಒದ್ದೆ ಟವೆಲು, ಅತ್ತೆ ಅದರ ಮೂಲೆ ಎರಡು ಬೆರಳಲ್ಲಿ ಹಿಡಿದು ಎತ್ತಿದರು — ಬ್ಯಾಕಪ್ಪು, ಅಯ್ಯೋ, ಬೆಳಗಿನ ಬ್ಯಾಕಪ್ಪು ಮುಗಿಯಿತಾ, ಮುಗಿದಿದೆ, ಒಂಬತ್ತು ಗಂಟೆಗೇ, ಮೂರು ಕಡೆ ಇದೆ, ಎದೆ ಹೊಡೆದುಕೊಂಡದ್ದು ದಂಡ, ಯಾರು ಏನೇ ಒತ್ತಿದರೂ ಇವತ್ತು ಯಾರ ಗಂಡನೂ ಚಪ್ಪಲಿ ಹಿಡಿದು ನಿಲ್ಲಬೇಕಾಗಿಲ್ಲ.

ಹಾಗೆ ದಾರ ಹೊಲಿಯುತ್ತಾ ಆರು ತಿಂಗಳು, ಪ್ರತಿಯೊಬ್ಬರಿಗೂ ಅವರದೇ ಯೂಸರು, ಅವರದೇ ಪಾಸ್‌ವರ್ಡು, ಎಕ್ಸ್‌ರೇದವರಿಗೊಂದು ಗ್ರೂಪು, ಲ್ಯಾಬಿನವರಿಗೊಂದು ಗ್ರೂಪು, ಮೊದಲು ಎಲ್ಲರನ್ನೂ ವರ್ಚುವಲ್ ಮಷೀನುಗಳ ದೊಡ್ಡ ಗ್ರೂಪಿಗೆ ಸೇರಿಸಿ ಹಿಗ್ಗಿದ್ದಳು, ನೋಡಿದರೆ ಆ ಗ್ರೂಪಿಗೆ ಸೇರಿದವರೆಲ್ಲ ಎಲ್ಲರ ಮಷೀನನ್ನೂ ಕೆಡವಬಹುದು, ರೂಟಿನ ಚೀಟಿ ಹರಿದು ಎಲ್ಲರಿಗೂ ಒಂದೊಂದು ತುಂಡು ಹಂಚಿದಂತಾಯಿತು, ಎಲ್ಲ ಕಿತ್ತುಹಾಕಿ ಮತ್ತೆ ಶುರು, ಯಾರು, ಯಾವ ಮಷೀನನ್ನು, ಏನು ಮಾಡಬಹುದು, ನೋಡಬಹುದಾ, ನಡೆಸಬಹುದಾ, ಅಳಿಸಬಹುದಾ, ಒಂದೊಂದಕ್ಕೂ ಒಂದೊಂದು ನಿಯಮ. ಒಬ್ಬೊಬ್ಬರೂ ಬಂದು ಮುಖ ಊದಿಸಿಕೊಂಡರು, ನಮ್ಮ ಮೇಲೆ ನಂಬಿಕೆ ಇಲ್ವಾ, ಇಷ್ಟು ವರ್ಷ ನಾವೇನು ಕದ್ದಿದೀವಾ, ಮ್ಯಾನೇಜರಂತೂ ನಾನು ಮ್ಯಾನೇಜರಮ್ಮಾ, ನನಗೆ ಎಲ್ಲ ಪರ್ಮಿಷನ್ನೂ ಬೇಕು ಅಂದರು, ಸರ್, ನೋಡೋಕೆ ಒಂಬತ್ತೂ ನಿಮ್ಮದೇ, ಮುಟ್ಟೋಕೆ ಮಾತ್ರ ನಿಮ್ಮ ಆಫೀಸಿನದು ಒಂದೇ ಅಂತ ಹೇಳಿ ಕಳಿಸಿದಳು, ಎಲ್ಲಿಂದ ಬಂತೋ ಆ ಧೈರ್ಯ. ಮೂರು ವಾರದ ಹಿಂದೆ ಆ ಧೈರ್ಯಕ್ಕೆ ಸರಿಯಾಗಿ ಮಂಗಳಾರತಿಯಾಯಿತು, ಒಂದು ಹೊಸ ಗ್ರೂಪಿಗೆ ತನ್ನನ್ನೇ ಸೇರಿಸಿಕೊಳ್ಳಲು ಹೋದಳು, ಇದ್ದವುಗಳ ಜೊತೆಗೆ ಅಂತ ಹೇಳುವ ಒಂದಕ್ಷರವನ್ನು ಆಜ್ಞೆಯಲ್ಲಿ ಬಿಟ್ಟಳು, ಯಂತ್ರಕ್ಕೇನು, ಹೇಳಿದಷ್ಟೇ ಮಾಡುತ್ತೆ, ಹೊಸ ಗ್ರೂಪೊಂದನ್ನು ಕೊಟ್ಟು ಹಳೆಯವೆಲ್ಲದರಿಂದ ಅವಳನ್ನು ಎತ್ತಿ ಆಚೆ ಹಾಕಿತು, ಅಡ್ಮಿನ್ ಗ್ರೂಪಿನಿಂದಲೂ, ರೂಟಿನ ಬಾಗಿಲಿಗೆ ಹಿಂದಿನ ವಾರ ತಾನೇ ಬೀಗ ಜಡಿದಿದ್ದಳು, ಮನೆ ಕಟ್ಟಿದವಳೇ ಬೀದಿಯಲ್ಲಿ, ಊಟದ ಹೊತ್ತಿನಲ್ಲಿ ಡಾಕ್ಟರಮ್ಮನ ಒಪ್ಪಿಗೆ ತೆಗೆದುಕೊಂಡು ಕಪ್ಪು ಪೆಟ್ಟಿಗೆಯನ್ನೇ ಆರಿಸಿ ಹೊತ್ತಿಸಿ ಹಿಂಬಾಗಿಲಿಂದ ಒಳಗೆ ಹೋದಳು, ಹನ್ನೊಂದು ನಿಮಿಷ ಒಂಬತ್ತೂ ಮಷೀನು ಬಂದ್, ಮ್ಯಾನೇಜರು ಕಾರಿಡಾರಿನಲ್ಲಿ ನಿಂತು ಟೈಯಪ್ಪನಿಗೆ ಕೇಳಿಸುವ ಹಾಗೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮಾತು ನೋಯಿಸಲಿಲ್ಲ, ಬೇರೆ ಮಾತು ನೋಯಿಸಿತು, ಅವಳೇ ಅವಳಿಗೆ ಹೇಳಿಕೊಂಡದ್ದು — ನೋಡಿದೆಯಾ, ಇಂಥದ್ದು ಮಾಡುವ ಬೆರಳು ಅಂಥದ್ದೂ ಮಾಡಿರುತ್ತೆ.

ಏಳು ನಿಮಿಷ. ಅತ್ತೆಗೆ ಈಗ ಎಂಬತ್ತೊಂದು, ಕಣ್ಣು ಮಂಜು, ಟವೆಲಿನ ಮೂಲೆಯನ್ನು ಬೆರಳಿನಲ್ಲಿ ತಡವಿ ನೋಡುತ್ತಾರೆ, ಅದಕ್ಕೆಂದೇ ಬಣ್ಣದ ಜೊತೆಗೆ ಈಗ ಗಂಟುಗಳೂ ಇವೆ, ಒಂದು ಗಂಟು ಎರಡು ಗಂಟು, ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು, ಅದೇನೇ ನೀನು ಆರು ತಿಂಗಳಿಂದ ಆ ಆಫೀಸಲ್ಲಿ ಮಾಡ್ತಿರೋದು, ಮೈಯೆಲ್ಲಾ ಇಳಿದುಹೋಗಿದೀಯ, ದಾರ ಹಾಕ್ತಿದೀನಿ ಅತ್ತೆ, ನೀವು ಹಾಕಿದ್ರಲ್ಲ ಹಾಗೇ, ಯಾರು ಒದ್ದೆ ಮಾಡಿದ್ರು ಅಂತ ಗೊತ್ತಾಗ್ಲಿ ಅಂತ, ಅತ್ತೆ ಅವಳ ಕೈ ಹಿಡಿದು ಬೆರಳು ತಡವಿ ನೋಡಿದರು, ನಿಂಗೂ ಹಾಕ್ಕೊಂಡ್ಯಾ ಅಂದರು. ಅಷ್ಟೇ. ನಿಂಗೂ ಹಾಕ್ಕೊಂಡ್ಯಾ. ಅಲ್ಲಿಗೆ ಅವಳಿಗೆ ಊಟ ಸೇರಲಿಲ್ಲ, ಯಾಕೆಂದರೆ ಹಾಕಿಕೊಂಡಿರಲಿಲ್ಲ, ಎಲ್ಲರ ಕೈಗೂ ಕಟ್ಟು ಹಾಕಿ ತನ್ನ ಕೈ ಮಾತ್ರ ಬಿಟ್ಟುಕೊಂಡಿದ್ದಳು, ಬೇಲಿ ಕಟ್ಟುವವಳಲ್ಲವಾ ನಾನು ಅಂತ, ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ಕೇಳಲು ಎಂಬತ್ತೊಂದು ವರ್ಷದವರು ಬೇಕಾಯಿತು, ಸೋಮವಾರ ಬಂದವಳೇ ಡಾಕ್ಟರಮ್ಮನನ್ನೂ ಮೇಷ್ಟ್ರನ್ನೂ ಕರೆದು ಕೂರಿಸಿದಳು, ರೂಟಿಗೆ ಹೊಸ ಪಾಸ್‌ವರ್ಡು, ಅರ್ಧ ಡಾಕ್ಟರಮ್ಮನದು, ಅರ್ಧ ಮೇಷ್ಟ್ರದು, ಅವರವರ ಅರ್ಧ ಅವರವರೇ ಒತ್ತಬೇಕು, ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಳು, ಮೇಷ್ಟ್ರು ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವುದಕ್ಕೆ ಐದು ನಿಮಿಷ, ಇನ್ನು ಯಾವ ಮಷೀನು ಅಳಿಸಬೇಕಾದರೂ, ಈ ನಿಯಮಗಳನ್ನೇ ಬದಲಿಸಬೇಕಾದರೂ, ಆ ಎರಡು ಅರ್ಧ ಒಂದು ಕಡೆ ಸೇರಬೇಕು, ಅವಳ ಕೆಂಪು ದಾರ ಅವಳ ಟವೆಲಿಗೆ. ಆಮೇಲೆ, ರೂಟಿಗೆ ಬೀಗ ಬಿದ್ದಾಗಿನಿಂದ ಕೆಲಸಕ್ಕೆ ಬಾರದೆ ಅಂಟಿಕೊಂಡಿದ್ದ ಆ ಹಳದಿ ಚೀಟಿಯನ್ನು ಬಿಳಿ ಪಟ್ಟಿ ಸಮೇತ ಕಿತ್ತಳು, ಪರದೆಯ ಅಂಚಿನಲ್ಲಿ ಧೂಳು ಕೂರದ ಒಂದು ಚೌಕ ಉಳಿದಿದೆ, ಈಗಲೂ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

ಲಿಫ್ಟು, ಲಿಫ್ಟಿನ ಗುಂಡಿಯ ಸದ್ದು, ಕಾರಿಡಾರಿನ ಆ ತುದಿಯಿಂದ, ಟಕ್ ಟಕ್ ಟಕ್, ಅದು ಮ್ಯಾನೇಜರು, ಇಳಿದ ಮೇಲೂ ಬಾಗಿಲು ಮುಚ್ಚಿತೋ ಇಲ್ಲವೋ ಅಂತ ಹೊರಗಿನಿಂದ ಮೂರು ಸಲ ಗುಂಡಿ ಒತ್ತಿ ನೋಡುವ ಮನುಷ್ಯ ಇಡೀ ಆಸ್ಪತ್ರೆಯಲ್ಲಿ ಅವರೊಬ್ಬರೇ, ಕಾರಿನ ಬಾಗಿಲು ಮೂರು ಸಲ ಎಳೆಯುತ್ತಾರೆ, ಪೆನ್ನಿನ ಮುಚ್ಚಳ ಮೂರು ಸಲ, ಬಂದರು, ಎಲ್ಲರೂ ಬಂದರು, ರೂಮು ತುಂಬಿಹೋಯಿತು, ಔಷಧಿಯವರು, ಲ್ಯಾಬಿನವರು, ಟೈಯಪ್ಪ ಏಸಿಯ ಕೆಳಗೇ ನಿಂತ, ನಿಲ್ಲಲಿ, ಕಾಲರಿಗೆ ಒಂದು ಹನಿ ಬೀಳಲಿ, ಡಾಕ್ಟರಮ್ಮ ಕುರ್ಚಿ ಬೇಡ ಅಂದರು, ಶುರು ಮಾಡಿ. ಗೋಡೆಗೆ ಒಂದು ದೊಡ್ಡ ಟೀವಿ ಹಾಕಿಸಿದ್ದಾಳೆ, ಕೀಬೋರ್ಡಿನಲ್ಲಿ ಯಾರು ಏನು ಕೇಳಿದರೂ ಅದು ಅಲ್ಲಿ ಮೂಡುತ್ತೆ, ಯಾರು, ಎಷ್ಟು ಹೊತ್ತಿಗೆ, ಏನು ಕೇಳಿದರು, ಯಂತ್ರ ಏನಂತು. ಔಷಧಿಯವರು ಕೂತರು, ತಮ್ಮ ಹೆಸರು ಒತ್ತಿದರು, ಪಾಸ್‌ವರ್ಡು ಒತ್ತುವಾಗ ಕೈ ಮರೆಮಾಡಿದರು, ಅಬ್ಬಾ, ಆರು ತಿಂಗಳ ಹಿಂದೆ ಇದೇ ಮನುಷ್ಯ ಪಾಸ್‌ವರ್ಡನ್ನು ಬಾಗಿಲಿಂದಲೇ ಕೂಗಿ ಕೇಳುತ್ತಿದ್ದರು, ಲ್ಯಾಬಿನ ಮಷೀನು ಅಳಿಸು ಅಂದರು, ಒಂದು ಸೆಕೆಂಡು, ಒಂದೂವರೆ — ಅನುಮತಿ ಇಲ್ಲ. ಗೋಡೆಯ ಮೇಲೆ ಸಾಲು, ಔಷಧಿ ವಿಭಾಗ, ಹನ್ನೊಂದು ಗಂಟೆ ಆರು ನಿಮಿಷ, ಅಳಿಸಲು ಕೇಳಿದರು, ಕೊಡಲಿಲ್ಲ. ಲ್ಯಾಬಿನವರು, ಅಡುಗೆಮನೆಯ ಮೇಲ್ವಿಚಾರಕಿ, ಎಕ್ಸ್‌ರೇದವರು, ಒಬ್ಬೊಬ್ಬರಾಗಿ ಕೂತು ಇನ್ನೊಬ್ಬರ ಮನೆ ಕೆಡವಲು ಹೋದರು, ಇಲ್ಲ, ಇಲ್ಲ, ಇಲ್ಲ, ಆಮೇಲೆ ಆಟವೇ ಆಯಿತು, ಮಕ್ಕಳ ಹಾಗೆ ನಗುತ್ತಾ ನಾನೊಂದ್ಸಲ ನಾನೊಂದ್ಸಲ ಅಂತ, ತಮ್ಮ ಮಷೀನನ್ನು ಮಾತ್ರ ನಿಲ್ಲಿಸಿ ನಡೆಸಿ ನೋಡಿ ಬೀಗಿದರು, ಮುಖ ಊದಿಸಿಕೊಂಡಿದ್ದವರೇ ಈಗ ನಮ್ಮದು ಯಾರೂ ಮುಟ್ಟೋಕಾಗಲ್ಲ ಅಲ್ವಾ ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಟೈಯಪ್ಪ ಗಂಟಲು ಸರಿಮಾಡಿಕೊಂಡ, ಇವರೆಲ್ಲ ಸರಿ, ಆದ್ರೆ ಇದನ್ನ ಮಾಡಿದೋರು ನೀವು, ನೀವು ಅಳಿಸ್ಬಹುದಲ್ಲ, ಅಲ್ಲಿಗೆ ಕತೆ ಮತ್ತೆ ಅಲ್ಲೇ ಬಂತು. ಒಳ್ಳೆಯ ಪ್ರಶ್ನೆ ಕಣಪ್ಪಾ, ಎಂಬತ್ತೊಂದು ವರ್ಷದವರು ಭಾನುವಾರವೇ ಕೇಳಿ ಮುಗಿಸಿದ ಪ್ರಶ್ನೆ — ಡಾಕ್ಟರಮ್ಮ ರಕ್ತನಿಧಿಯದ್ದನ್ನೇ ಪ್ರಯತ್ನ ಮಾಡಿ ಅಂದರು, ಮೇಷ್ಟ್ರು ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು, ಅವಳು ಕೂತಳು, ಕುರ್ಚಿ ಇನ್ನೂ ಎಕ್ಸ್‌ರೇದವರ ಬಿಸಿ ಬಿಟ್ಟಿರಲಿಲ್ಲ, ಹೆಸರು, ಪಾಸ್‌ವರ್ಡು, ಜೊತೆಗೆ ಅನ್ನುವ ಅಕ್ಷರ ಬಿಟ್ಟವೂ ಇವೇ ಬೆರಳು, ಸೋಮವಾರ ಎಲ್ಲ ಸರಿಯಾಗಿ ಬರೆದೆನಾ, ಎಲ್ಲಾದರೂ ಒಂದು ಸಾಲು, ಒಂದೇ ಒಂದು ಸಾಲು ತನ್ನ ಪಾಲಿಗೆ ತೆರೆದು ಉಳಿದಿದ್ದರೆ, ಇಡೀ ಜಗತ್ತಿನ ಎದುರಿಗೆ ಎರಡನೇ ಸಲ ರಕ್ತನಿಧಿ ಅಳಿಸಿದವಳು, ಮೊದಲನೇ ಸಲದ್ದೂ ಇವಳೇ ಅಂತ ಕಲ್ಲಿನ ಮೇಲೆ ಬರೆದ ಹಾಗೆ, ಒತ್ತಿದಳು. ಅನುಮತಿ ಇಲ್ಲ. ಗೋಡೆಯ ಮೇಲೆ ಅವಳ ಸಾಲು, ಅಡ್ಮಿನ್, ಹನ್ನೊಂದು ಇಪ್ಪತ್ತೆರಡು, ಅಳಿಸಲು ಕೇಳಿದರು, ಕೊಡಲಿಲ್ಲ, ಅದನ್ನು ಓದುತ್ತಾ ಅವಳಿಗೆ ನಗು ಬಂತು, ನಿಜವಾದ ನಗು, ಯಾರಾದರೂ ಬೇಡ ಅಂದದ್ದಕ್ಕೆ ಇಷ್ಟು ಸಂತೋಷಪಟ್ಟವರು ಇರಲಿಕ್ಕಿಲ್ಲ, ಮೇಷ್ಟ್ರು ಚಪ್ಪಾಳೆ ತಟ್ಟಿದರು, ಒಬ್ಬರೇ, ಆಮೇಲೆ ಎಲ್ಲರೂ.

ಹಾಗಾದ್ರೆ ಇದಕ್ಕೆ ಯಜಮಾನ ಯಾರು ಅಂದರು ಮ್ಯಾನೇಜರು, ಚಪ್ಪಾಳೆಯ ನಡುವೆ, ಯಾರೂ ಇಲ್ವಾ, ಅವರವರ ಮನೆಗೆ ಅವರವರೇ ಸರ್, ಅದೆಲ್ಲ ಬಿಡಿ, ಏಳಿ, ನಾನು ನೋಡ್ತೀನಿ, ನಾನೂ ಒಂದು ಕಾಲದಲ್ಲಿ, ಅಂತ ಶುರು ಮಾಡಿದವರು ಮುಗಿಸಲಿಲ್ಲ, ಕೂತರು, ಕಣ್ಣು ಮೊದಲು ಧೂಳಿಲ್ಲದ ಆ ಚೌಕಕ್ಕೆ ಹೋಯಿತು, ಆಮೇಲೆ ಕೀಬೋರ್ಡಿಗೆ, ತಮ್ಮ ಹೆಸರು ಒತ್ತಿದರು, ಅವಳು ಅವರ ಹಿಂದೆ ನಿಂತಿದ್ದಾಳೆ, ಇಷ್ಟು ವರ್ಷದಲ್ಲಿ ಅವರು ಕೆಲಸ ಮಾಡುವುದನ್ನು ಹಿಂದೆ ನಿಂತು ನೋಡಿದ್ದು ಇದೇ ಮೊದಲು, ಅವರು ಬಂದರೆ ಅವಳು ಎದ್ದು ಹೋಗಬೇಕಿತ್ತು, ಅದು ಮರ್ಯಾದೆ, ಪಟ್ಟಿ ತೋರಿಸು ಅಂದರು ಮ್ಯಾನೇಜರು, ಪರದೆಯಲ್ಲಿ ಒಂಬತ್ತು ಸಾಲು, ನೋಡಲಿಲ್ಲ, ನೋಡುವ ಮೊದಲೇ ಬೆರಳು ಮತ್ತೆ ಹೋಗಿತ್ತು, ಪಟ್ಟಿ ತೋರಿಸು, ಮತ್ತೆ, ಪಟ್ಟಿ ತೋರಿಸು, ಟಕ್ ಟಕ್ ಟಕ್, ಲಿಫ್ಟಿನ ಗುಂಡಿಯ ಹಾಗೆ, ಕಾರಿನ ಬಾಗಿಲಿನ ಹಾಗೆ — ಅವಳ ಕಿವಿಯಲ್ಲಿ ರಕ್ತ ಕೂಗಿತು, ಮೂರು ಸಲ, ಎರಡು ಸೆಕೆಂಡಿನೊಳಗೆ, ಆ ಕಾಗದ ಅವಳ ಚೀಲದಲ್ಲಿದೆ, ಮಡಿಸಿ ಮಡಿಸಿ ಮಡಿಕೆಯಲ್ಲಿ ಹರಿದಿದೆ, ತೆಗೆಯಬೇಕಾಗಿಲ್ಲ, ಬಾಯಿಪಾಠ ಇದೆ, ನಾನು ಪಟ್ಟಿಯನ್ನು ಒಂದೇ ಸಲ ಕೇಳುವವಳು, ಈ ಕುರ್ಚಿಗೆ ಬಂದಾಗಿನಿಂದ ಒಂದೇ ಸಲ, ಇದು ಹನ್ನೊಂದು ತಿಂಗಳು ಹೇಗೆ ಹೊಳೆಯಲಿಲ್ಲ, ಹೆಗಲು ಮುಟ್ಟಿಕೊಳ್ಳುವುದರಲ್ಲೇ ಕೈ ಬಿಡುವಿರಲಿಲ್ಲ, ನಾನಲ್ಲ, ನಾನಲ್ಲ, ಕಣ್ಣಿನ ವಾರ್ಡಿನ ಪ್ರಿಂಟರಿನ ಮುಂದೆ ಬಗ್ಗಿದ್ದೆ ನಾನು, ಕೈಯಲ್ಲಿ ಸುಕ್ಕು ಕಾಗದ ಇತ್ತು, ಆ ಚಪ್ಪಲಿ ಹಿಡಿದವನನ್ನು ನಿಲ್ಲಿಸಿದ್ದು ನಾನಲ್ಲ.

ರಕ್ತನಿಧಿ, ಅಳಿಸು ಅಂತ ಒತ್ತಿದರು ಮ್ಯಾನೇಜರು, ಅನುಮತಿ ಇಲ್ಲ ಅಂತು ಯಂತ್ರ, ಅವರು ಗೆದ್ದವರ ಹಾಗೂ ಅಲ್ಲದೆ ಸೋತವರ ಹಾಗೂ ಅಲ್ಲದೆ ಹ್ಞೂಂ ಅಂತ ತಲೆ ಎತ್ತಿ ಗೋಡೆ ನೋಡಿದರು. ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ, ಮ್ಯಾನೇಜರ್, ಪಟ್ಟಿ ತೋರಿಸು, ಮ್ಯಾನೇಜರ್, ಪಟ್ಟಿ ತೋರಿಸು, ಮ್ಯಾನೇಜರ್, ಪಟ್ಟಿ ತೋರಿಸು, ಮ್ಯಾನೇಜರ್, ಅಳಿಸು. ವಿಚಾರಣೆಯ ದಿನ ಎಲ್ಲರ ಮುಂದೆ ಎತ್ತಿ ಹಿಡಿದು ಓದಿದ್ದು ಅವರೇ, ಆ ಸಾಲುಗಳ ರಾಗ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ತುಟಿ ಅಲುಗಿತು, ಓದುತ್ತಿದ್ದಾರೆ, ಒಂದು, ಎರಡು, ಮೂರು, ಕೈ ಕೀಬೋರ್ಡಿನಿಂದ ಎದ್ದು ತೊಡೆಯ ಮೇಲೆ ಬಿತ್ತು, ಆ ಕೈಯನ್ನೇ ನೋಡುತ್ತಿದ್ದಾರೆ, ಬೇರೆ ಯಾರದೋ ಕೈ ಅನ್ನುವ ಹಾಗೆ, ಡಾಕ್ಟರಮ್ಮ ಗೋಡೆ ನೋಡಿದರು, ಅವಳನ್ನು ನೋಡಿದರು, ಅವಳು ಹೇಳಬಹುದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು, ಏನು ಮಾಡ್ತಿದೀನಿ ಅಂತ ತನಗೇ ಗೊತ್ತಿಲ್ದಿರೋರ ಕೆಲಸ ಅಂದ್ರಲ್ಲ ಸರ್, ಬೇಡ, ದಾರ ಮಾತಾಡುವಾಗ ನಾವು ಬಾಯಿ ಹಾಕಬಾರದು. ಟಪ್. ಮ್ಯಾನೇಜರು ಎದ್ದು ನಿಂತರು, ಕುರ್ಚಿ ಹಿಂದಕ್ಕೆ ಸರಿಯಿತು, ಅವರು ತಿರುಗಿದ್ದು ಡಾಕ್ಟರಮ್ಮನ ಕಡೆಗಲ್ಲ, ಅವಳ ಕಡೆಗೆ.

ಅವತ್ತು ನಾನೇ ಕಣಮ್ಮಾ. ಆ ಹಳೇದನ್ನ ತೆಗೀತಿದೀನಿ ಅಂದ್ಕೊಂಡಿದ್ದೆ.

ಟೈಯಪ್ಪನ ಕಾಲರಿನ ಮೇಲೆ ಒಂದು ಹನಿ ಬಿತ್ತು, ಒರೆಸಿಕೊಳ್ಳಲಿಲ್ಲ, ಡಾಕ್ಟರಮ್ಮ ಏನೋ ಹೇಳುತ್ತಿದ್ದಾರೆ, ಈ ರೂಮು ಅಂತ, ನಿಮ್ಮದೇ ಅಂತ, ಇವತ್ತೇ ಬರೆದು ಕೊಡ್ತೀನಿ ಅಂತ, ಮೇಷ್ಟ್ರು ಅವಳ ಕೈ ಹಿಡಿದು ಕುಲುಕುತ್ತಿದ್ದಾರೆ, ಪಾಠ ಶುರುವಾಗಿದೆ, ಯಾವುದೂ ಕಿವಿಗೆ ಬೀಳುತ್ತಿಲ್ಲ, ಹಗುರ, ಕೈ ಹಗುರ, ಹತ್ತು ಬೆರಳೂ ತನ್ನವೇ, ಒಂದೊಂದಾಗಿ ವಾಪಸು ಬಂದ ಹಾಗೆ, ಗೆದ್ದೆ ಅನ್ನುವುದು ಇದೇ ಇರಬೇಕು, ಗೆದ್ದೆ, ಅತ್ತೆಗೆ ಹೇಳಬೇಕು, ಅತ್ತೇ ಅಂತ ಬಾಗಿಲಿಂದಲೇ ಕೂಗಬೇಕು, ಇಪ್ಪತ್ತಾರು ವರ್ಷದ ಹಿಂದಿನ ಬೆಳಗ್ಗೆ, ರೂಮಿನ ಬಾಗಿಲಲ್ಲಿ ಇಡೀ ಮನೆ, ಮಾವ, ಮೈದುನಂದಿರು, ನಾದಿನಿ, ಎಲ್ಲರ ಹಿಂದೆ ಕೆಂಪು ದಾರದ ಒಣ ಟವೆಲು ಕೈಯಲ್ಲಿ ಹಿಡಿದುಕೊಂಡ ಹೊಸಬಳು, ಹಾಸಿಗೆಯ ಪಕ್ಕ ಅತ್ತೆ, ಒದ್ದೆ ಟವೆಲಿನ ಮೂಲೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಾರೆ, ಕಣ್ಣಿನ ಹತ್ತಿರ ತಂದು ನೋಡುತ್ತಾರೆ, ಬೆಳಕಿಗೆ ತಿರುಗಿಸಿ ನೋಡುತ್ತಾರೆ, ಮುಚ್ಚಿಟ್ಟುಕೊಳ್ಳಬಹುದಿತ್ತು, ಸೆರಗಿನೊಳಗೆ ಸೇರಿಸಿಬಿಡಬಹುದಿತ್ತು, ಇಲ್ಲ, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ, ಅವಳೊಬ್ಬಳನ್ನೇ ನೋಡುತ್ತಾ, ನಂದೇ ಕಣೇ ಅನ್ನುತ್ತಾರೆ, ನಂದೇ, ಎತ್ತಿದ ಕೈ ಹಾಗೇ ಇದೆ, ಹಸಿರು ದಾರ, ಒದ್ದೆ ಟವೆಲಿನ ಮೂಲೆಯಲ್ಲಿ ಹಸಿರು ದಾರ